ನೀವುವ ಕೈ

ಕಣ್ಣಿಗೆ ರೆಪ್ಪೆಯುಂಟು, ನಾಲಗೆಗೆ ತುಟಿಯ ಬಾಗಿಲುಂಟು, ಬೇಡವಾದಾಗ ಮುಚ್ಚಿಕೊಳ್ಳಬಹುದು. ತ್ವಗಿಂದ್ರಿಯಕ್ಕೆ ಅಂಥ ಮರೆಯಿಲ್ಲ. ಹುಟ್ಟಿದ ಕೂಸಿಗೆ ಈ ಲೋಕದ ಮೊದಲ ಪರಿಚಯವಾಗುವುದು ಯಾರದೋ ಅಂಗೈಯಿಂದ. ಸತ್ತವನ ಕಡೆಯ ಸ್ನಾನವೂ ಯಾರದೋ ಅಂಗೈಯಿಂದಲೇ ಆಗಬೇಕು. ಈ ಎರಡು ಸ್ನಾನಗಳ ನಡುವಣ ಆಯುಷ್ಯದಲ್ಲಿ ಮನುಷ್ಯನು ತನ್ನ ಮೈಯನ್ನು ನಂಬಿ ಇನ್ನೊಬ್ಬರ ಕೈಗೆ ಒಪ್ಪಿಸುವ ಸಂದರ್ಭಗಳು ಕೆಲವೇ. ಎಣ್ಣೆ ಹಚ್ಚಿಸಿಕೊಂಡು ಮೈ ಒತ್ತಿಸಿಕೊಳ್ಳುವುದು ಅವುಗಳಲ್ಲಿ ಒಂದು. ಅದು ಸುಖದ ಮಾತೆಂದು ಕೆಲವರೂ, ಔಷಧವೆಂದು ಕೆಲವರೂ, ಹಬ್ಬದ ಆಚಾರವೆಂದು ಹಲವರೂ ತಿಳಿದಿರುವರು. ಮೂರೂ ನಿಜವೇ. ಆದರೆ ಅದೊಂದು ವಿದ್ಯೆಯೆಂಬುದನ್ನೂ, ಎಲ್ಲ ವಿದ್ಯೆಗಳಿಗಿರುವಂತೆ ಅದಕ್ಕೂ ಒಂದು ನಿಷೇಧಭಾಗವುಂಟೆಂಬುದನ್ನೂ ನೆನೆಯುವವರು ವಿರಳ.

ಹೇಮಾವತಿಯ ದಡದ ಒಂದು ಹಳ್ಳಿಯಲ್ಲಿ ಐವತ್ತು ವರ್ಷಗಳಿಂದ ಈ ಕೆಲಸವನ್ನು ಮಾಡಿಕೊಂಡು ಬಂದಿರುವ ಮುದುಕಿಯೊಬ್ಬಳಿದ್ದಾಳೆ. ಆಕೆಯ ಗಂಡ ಕ್ಷೌರದ ಕತ್ತಿ ಹಿಡಿದವನು, ಅತ್ತೆ ಸೂಲಗಿತ್ತಿ. ಸೊಸೆಯಾಗಿ ಬಂದ ಹುಡುಗಿ ಅತ್ತೆಯ ಹಿಂದೆ ಎಣ್ಣೆಯ ಬಟ್ಟಲು ಹಿಡಿದು ಮನೆಮನೆ ತಿರುಗುತ್ತ ವಿದ್ಯೆಯನ್ನು ಕಲಿತಳು. ಮುಂದೆ ಹೆರಿಗೆಗಳೆಲ್ಲ ಆಸ್ಪತ್ರೆಗೆ ಸೇರಿದುವು. ಅದು ಒಳ್ಳೆಯದೇ ಆಯಿತೆಂದು ಆಕೆಯೇ ಹೇಳುತ್ತಾಳೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಬಾಣಂತಿಯೂ ಕೂಸೂ ಇಂದಿಗೂ ಆಕೆಯ ಪಾಲಿಗೇ ಉಳಿದಿರುವರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ ಇಂಥ ಕೈಗಳಿಗೆ ಲೋಕವು ಒಮ್ಮೆ ತಲೆಬಾಗಿತು. ಹೆಸರು ಕಾಣದೆ ಉಳಿದ ಕೈಗಳು ಊರಿಗೊಂದರಂತೆ ಇದ್ದುವು.

ಬೆಳಗಿನ ಜಾವ ಬಚ್ಚಲಿನ ಹಂಡೆಗೆ ಉರಿ ಹಾಕುವುದರಿಂದ ಆಕೆಯ ಕಾರ್ಯಕ್ರಮ ಆರಂಭವಾಗುವುದು. ಬಾಣಂತಿಯ ನೆತ್ತಿಗೆ ಹರಳೆಣ್ಣೆ, ಮೈಗೆ ಬೆಚ್ಚಗೆ ಕಾಯಿಸಿದ ಎಳ್ಳೆಣ್ಣೆ. ಸೊಂಟದಿಂದ ಬೆನ್ನಿಗೆ, ಬೆನ್ನಿನಿಂದ ಭುಜಕ್ಕೆ ನಿಧಾನವಾಗಿ ಏರುವ ಕೈ. ಆಮೇಲೆ ಸೀಗೆಪುಡಿ, ಬಿಸಿನೀರು, ಕಂಬಳಿಯ ಹೊದಿಕೆ, ನಿದ್ರೆ. ಕೂಸಿನ ಕ್ರಮವೇ ಬೇರೆ. ಮಣೆಯ ಮೇಲೆ ಕುಳಿತು, ಎರಡು ಕಾಲುಗಳನ್ನೂ ಮುಂದಕ್ಕೆ ನೀಡಿ, ಆ ಕಾಲುಗಳ ಇಳಿಜಾರಿನಲ್ಲಿ ಕೂಸನ್ನು ಮಲಗಿಸಿಕೊಂಡು, ಎದೆಯಿಂದ ಹೊರಕ್ಕೆ, ತೊಡೆಯಿಂದ ಪಾದಕ್ಕೆ ನೀವುತ್ತಾಳೆ. ಅಲ್ಲಿ ಒತ್ತುವುದಿಲ್ಲ; ಎಣ್ಣೆ ಜಾರಿದಷ್ಟೇ ಕೈ ಜಾರಬೇಕು. ಕೂಸಿನ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಎಳೆಯ ಮೊಲೆತೊಟ್ಟನ್ನು ಹಿಂಡುವುದು, ಇವು ಆಕೆಯ ಅತ್ತೆಯ ಕಾಲದಲ್ಲಿ ರೂಢಿಯಾಗಿದ್ದುವು. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ, ಹಿಂಡಿದ ಎದೆ ಕೀವುಗಟ್ಟಬಹುದು ಎಂದು ಆರೋಗ್ಯಕೇಂದ್ರದ ದಾದಿ ಒಮ್ಮೆ ಹೇಳಿದಳು. ಮುದುಕಿ ಅಂದಿನಿಂದ ಎರಡನ್ನೂ ಬಿಟ್ಟಳು. ಅತ್ತೆ ಹೇಳಿಕೊಟ್ಟುದೆಂಬ ಕಾರಣದಿಂದ ಹಿಡಿದುಕೊಳ್ಳಲೂ ಇಲ್ಲ, ದಾದಿ ಕಿರಿಯಳೆಂಬ ಕಾರಣದಿಂದ ತಳ್ಳಿಹಾಕಲೂ ಇಲ್ಲ.

ಈಕೆ ಓದು ಬರಹ ಅರಿಯದವಳು. ಆದರೆ ಈಕೆಯ ಕೈ ಮಾಡುವುದನ್ನೇ ಆಯುರ್ವೇದದ ಹಿರಿಯ ಗ್ರಂಥಗಳು ಬಾಯಲ್ಲಿ ಹೇಳಿರುವುವು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ, ಎಣ್ಣೆ ಸವರಿದ ಗಡಿಗೆಯೂ ತೊಗಲೂ ಬಂಡಿಯ ಅಚ್ಚೂ ಹೇಗೆ ಬಾಳಿಕೆಗೆ ಬರುವುವೋ ಅಭ್ಯಂಗದಿಂದ ದೇಹವೂ ಹಾಗೆಯೇ ಗಟ್ಟಿಗೊಳ್ಳುವುದೆಂಬ ಹೋಲಿಕೆಯಿದೆ. ಮೂರೂ ಬೇಸಾಯಗಾರನ ಮನೆಯ ಪದಾರ್ಥಗಳು. ಶಾಸ್ತ್ರಕಾರನು ಯಾರಿಗೆ ತಿಳಿಯಲೆಂದು ಬರೆದನೆಂಬುದು ಇದರಿಂದಲೇ ಸ್ಪಷ್ಟ. ಸ್ಪರ್ಶಜ್ಞಾನದಲ್ಲಿ ವಾಯುವಿನದೇ ಮೇಲುಗೈ, ಸ್ಪರ್ಶಕ್ಕೆ ಚರ್ಮವೇ ಆಶ್ರಯ, ಆದುದರಿಂದ ಚರ್ಮಕ್ಕೆ ಅಭ್ಯಂಗವೇ ಪರಮಹಿತ ಎಂಬುದು ಅಲ್ಲಿಯ ತರ್ಕ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯಕರ್ಮಗಳಲ್ಲಿ ಸೇರಿಸಿ, ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಮಾಡಬೇಕೆಂದಿರುವನು. ಸುಶ್ರುತಸಂಹಿತೆಯಂತೂ ವಿಧಗಳನ್ನು ಬಿಡಿಸಿ ಹೇಳುತ್ತದೆ. ಎಣ್ಣೆ ಸವರುವುದು ಅಭ್ಯಂಗ. ಪುಡಿಯಿಂದ ಉಜ್ಜುವುದು ಉದ್ವರ್ತನ. ಹಿತವಾಗಿ ಒತ್ತುತ್ತ ನೀವುವುದು ಸಂವಾಹನ. ಸಂವಾಹನದಿಂದ ಶ್ರಮಪರಿಹಾರವೂ ನಿದ್ರೆಯೂ ಬರುವುವೆಂದು ಅಲ್ಲಿ ಹೇಳಿದೆ.

ಕನ್ನಡನಾಡಿನಲ್ಲಿಯೂ ಈ ವಿದ್ಯೆಗೆ ಅರಮನೆಯ ಮನ್ನಣೆ ಇದ್ದಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳನ್ನು ವಿವರಿಸುವಾಗ ಸುಗಂಧತೈಲದ ಸ್ನಾನಕ್ಕೂ ಒಂದು ಸ್ಥಾನ ದೊರೆತಿದೆ. ಮೈಸೂರಿನ ಗರಡಿಮನೆಗಳಲ್ಲಿ ಸಾಮು ಮುಗಿಸಿದ ಪೈಲ್ವಾನರು ಒಬ್ಬರ ಮೈಯನ್ನು ಒಬ್ಬರು ತಿಕ್ಕುವುದು ಇನ್ನೊಂದು ಬಗೆ. ಅಲ್ಲಿ ಕೈಯ ಭಾರ ಹೆಚ್ಚು, ಎಣ್ಣೆಯ ಜೊತೆಗೆ ಕೆಮ್ಮಣ್ಣಿನ ಸಂಪರ್ಕವೂ ಉಂಟು. ದಸರೆಯ ವಜ್ರಮುಷ್ಟಿ ಕಾಳಗದ ಜಟ್ಟಿಗಳು ಉಳುಕಿದ ಕೀಲನ್ನು ಕೂಡಿಸುವುದರಲ್ಲಿಯೂ ಹೆಸರಾದವರು. ಬಡಿಯಬಲ್ಲವನಿಗೆ ಕೂಡಿಸುವುದೂ ತಿಳಿದಿರಬೇಕೆಂಬುದು ಆ ಮನೆತನಗಳ ನಿಯಮವಾಗಿದ್ದಿತೇನೋ. ನೆರೆಯ ಕೇರಳದಲ್ಲಿ ಕಳರಿಯ ಗುರುವು ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದು ಶಿಷ್ಯನ ಮೈಯನ್ನು ಪಾದದಿಂದಲೇ ನೀವುತ್ತಾನೆ. ಬೆಚ್ಚನೆಯ ತೈಲವನ್ನು ಧಾರೆಧಾರೆಯಾಗಿ ಹಿಂಡುತ್ತ ಒತ್ತುವ ಪಿಳಿಚ್ಚಿಲ್, ಹಾಲಿನಲ್ಲಿ ಬೇಯಿಸಿದ ಞವರ ಅಕ್ಕಿಯ ಗಂಟಿನಿಂದ ಉಜ್ಜುವ ಕಿಳಿ, ಇವೂ ಅಲ್ಲಿ ಪ್ರಸಿದ್ಧವಾಗಿರುವುವು. ಕಾಲಿನಿಂದ ತುಳಿಸಿಕೊಳ್ಳುವ ಮಾತು ಸುಶ್ರುತನಲ್ಲಿಯೂ ಬಂದಿರುವುದರಿಂದ ಆ ಪದ್ಧತಿಯ ಪ್ರಾಚೀನತೆಯನ್ನು ಊಹಿಸಬಹುದು.

ದೇಶಾಂತರಗಳಲ್ಲಿಯೂ ಹೀಗೆಯೇ. ಥಾಯಿ ದೇಶದ ಮರ್ದನದಲ್ಲಿ ಎಣ್ಣೆಗಿಂತ ಅಂಗಗಳನ್ನು ಚಾಚಿ ಎಳೆಯುವುದು ಮುಖ್ಯ. 2019ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಜಪಾನಿನಲ್ಲಿ ಅಂಗಮರ್ದನವು ಬಹುಕಾಲ ಕಣ್ಣಿಲ್ಲದವರ ಜೀವನೋಪಾಯವಾಗಿದ್ದಿತು. ಯೂರೋಪಿನಲ್ಲಿ ಹೆಚ್ಚು ಹಬ್ಬಿದ ಪದ್ಧತಿಗೆ ಸ್ವೀಡನ್ನಿನ ಲಿಂಗ್ (1776-1839) ಎಂಬುವನ ಹೆಸರು ಅಂಟಿಕೊಂಡಿದೆ. ಆದರೆ ಸವರುವುದು, ನಾದುವುದು, ಉಜ್ಜುವುದು, ತಟ್ಟುವುದು ಎಂದು ಅದನ್ನು ವಿಂಗಡಿಸಿದ ಕೀರ್ತಿಯನ್ನು ಸಾಮಾನ್ಯವಾಗಿ ಹಾಲೆಂಡಿನ ವೈದ್ಯ ಮೆಜ್ಗರನಿಗೆ (1838-1909) ಸಲ್ಲಿಸುವರು. ಇನ್ನೊಂದು ಸ್ವಾರಸ್ಯವುಂಟು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮದನು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನದ ಮನೆಯನ್ನು ನಡೆಸಿ, ಇಂಗ್ಲಿಷರ ಮೈಕೈಗಳನ್ನು ಒತ್ತಿ, ದೊರೆಯ ಮನೆಯ ಮನ್ನಣೆಯನ್ನೂ ಪಡೆದನು. ಒತ್ತುವುದೆಂಬ ಅರ್ಥದ ಹಿಂದಿಯ ‘ಚಾಂಪೋ’ ಎಂಬ ಮಾತೇ ಇಂಗ್ಲಿಷಿಗೆ ಹೋಗಿ ಶಾಂಪೂ ಆಯಿತು. ಹೋಗುವಾಗ ಮೈ ಒತ್ತುವುದಾಗಿದ್ದುದು ಮರಳುವಾಗ ತಲೆ ತೊಳೆಯುವ ಸೀಸೆಯಾಗಿ ಬಂದು, ಸೀಗೆಕಾಯಿಯನ್ನು ಬಚ್ಚಲಿನಿಂದ ಹೊರಡಿಸಿತು.

ಇವುಗಳ ಪ್ರಯೋಜನವೆಷ್ಟು? ಈಗಿನ ಕಾಲದ ವೈದ್ಯರೂ ಇದನ್ನು ಅಳೆದು ನೋಡದೆ ಬಿಟ್ಟಿಲ್ಲ. 1986ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷದಂತೆ, 10 ದಿನ ನೀವಿಸಿ, ಅಂಥ ಉಪಚಾರವಿಲ್ಲದ ಶಿಶುಗಳೊಡನೆ ತೂಗಿ ನೋಡಿದರು. ನೀವಿಸಿಕೊಂಡವು ದಿನವಹಿ ಶೇಕಡ 47ರಷ್ಟು ಹೆಚ್ಚು ತೂಕ ಗಳಿಸಿದುವೆಂದು ಪ್ರಕಟಿಸಿದರು. ಒಂದೇ ಪರೀಕ್ಷೆಯಿಂದ ಸಿದ್ಧಾಂತವಾಗುವುದಿಲ್ಲವಾದರೂ, ಎಣ್ಣೆಬಟ್ಟಲು ಹಿಡಿದ ಅಜ್ಜಿಯರ ನಂಬಿಕೆ ಬರಿಯ ಭ್ರಮೆಯಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ಸೊಂಟನೋವಿಗೆ ಮರ್ದನದಿಂದ ಕೆಲಕಾಲದ ಶಮನ ಉಂಟು. ನೋವಿನ ಮೂಲವನ್ನು ಅದು ಕೀಳಲಾರದು. ಬಿಗಿದ ಸ್ನಾಯು ಸಡಿಲುತ್ತದೆ, ಮನಸ್ಸಿನ ಕಳವಳ ಇಳಿಯುತ್ತದೆ, ನಿದ್ರೆ ಬರುತ್ತದೆ. ಇದಕ್ಕೆ ಮೀರಿ, ಕೊಬ್ಬನ್ನು ಕರಗಿಸುತ್ತದೆ, ಮಧುಮೇಹವನ್ನು ಓಡಿಸುತ್ತದೆ ಎಂದು ಪಟ್ಟಣದ ಫಲಕಗಳು ಸಾರುವುದನ್ನು ನಂಬಿ ಔಷಧವನ್ನು ಬಿಟ್ಟವರು ಕೆಟ್ಟರು.

ಶಾಸ್ತ್ರಕಾರರು ಗುಣವನ್ನು ಹೇಳಿ ಅಲ್ಲಿಗೇ ನಿಲ್ಲಿಸಿದವರಲ್ಲ. ಕಫ ಕೆರಳಿದವನಿಗೆ, ಅಜೀರ್ಣವುಳ್ಳವನಿಗೆ, ವಮನ ವಿರೇಚನಗಳಿಂದ ಶೋಧನ ಮಾಡಿಸಿಕೊಂಡವನಿಗೆ ಅಭ್ಯಂಗ ಕೂಡದೆಂದು ವಾಗ್ಭಟ. ಹೊಸ ಜ್ವರದಲ್ಲಿ ಕೂಡದೆಂದು ಸುಶ್ರುತ. ಪಾಠಶಾಲೆಗಳಲ್ಲಿ ವಿಧಿವಾಕ್ಯವನ್ನು ಉರುಹಚ್ಚುವ ವಿದ್ಯಾರ್ಥಿಗಳು ನಿಷೇಧವಾಕ್ಯವನ್ನು ಸಾಮಾನ್ಯವಾಗಿ ಮರೆಯುವರು. ಮುದುಕಿಯ ಪಾಠದಲ್ಲಿ ಮಾತ್ರ ನಿಷೇಧವೇ ಮೊದಲು. ಅದೇಕೆಂಬುದು ಒಂದು ವೈಶಾಖಮಾಸದಲ್ಲಿ ಆ ಊರಿನ ದೊಡ್ಡಮನೆಯವರಿಗೆ ತಿಳಿಯಿತು.

ಆ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಕಾಶೀಯಾತ್ರೆ ಮುಗಿಸಿ, ರೈಲಿನಲ್ಲಿ ಎರಡು ರಾತ್ರಿ ಹೆಚ್ಚುಕಡಿಮೆ ಕುಳಿತೇ ಬಂದರು. ಮನೆ ಸೇರಿದ ಮೂರನೆಯ ದಿನ ಎಡಗಾಲಿನ ಮೀನಖಂಡ ಬಿಗಿದು ನೋಯತೊಡಗಿತು. ಪ್ರಯಾಣದ ಆಯಾಸವೆಂದು ಎಲ್ಲರೂ ತಿಳಿದರು. ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ, ಕಾಲನ್ನು ಒಳಗಿಟ್ಟರೆ ಗಡಗಡನೆ ಅದುರಿ ಒತ್ತುವ ವಿದ್ಯುತ್ತಿನ ಯಂತ್ರವೊಂದನ್ನು ತಾತನಿಗಾಗಿ ತಂದಿದ್ದ. ಅಜ್ಜಿಗೆ ಆ ಯಂತ್ರದ ಸದ್ದು ಹಿಡಿಸಲಿಲ್ಲ. ‘ಅದನ್ನು ಆಮೇಲೆ ಹಚ್ಚುವೆಯಂತೆ, ಮಗು. ಮೊದಲು ಆಕೆ ಬಂದು ನೀವಲಿ’ ಎಂದು ಮುದುಕಿಗೆ ಹೇಳಿಕಳುಹಿಸಿ, ಒಲೆಯ ಮೇಲೆ ಎಳ್ಳೆಣ್ಣೆ ಇಟ್ಟರು.

ಮುದುಕಿ ಬಂದವಳು ಬಟ್ಟಲನ್ನು ಮುಟ್ಟಲಿಲ್ಲ. ಎರಡು ಕಾಲುಗಳನ್ನೂ ಒಟ್ಟಿಗೆ ಚಾಚಿಸಿ ನೋಡಿದಳು. ಬಲಗೈಯ ಹಿಂಬದಿಯನ್ನು ಮೊದಲು ಬಲಗಾಲಿಗೆ, ಆಮೇಲೆ ಎಡಗಾಲಿಗೆ ಸೋಕಿಸಿದಳು. ಮತ್ತೊಮ್ಮೆ ಹಾಗೆಯೇ ಮಾಡಿದಳು. ಅನಂತರ ಸೆರಗಿನಿಂದ ಕೈ ಒರೆಸಿಕೊಂಡು ಹಿಂದೆ ಸರಿದಳು.

‘ಬ್ಯಾಡ ಅಮ್ಮಾ. ಈ ಕಾಲು ನಾ ಒತ್ತಾಕಿಲ್ಲ.’

‘ಇದೇನೇ ಹೀಗೆ ಹೇಳುತ್ತೀ? ಈ ಮನೆಯಲ್ಲಿ ನೀನು ಒತ್ತದ ಕಾಲು ಯಾವುದಿದೆ?’

‘ಒಂದೇ ಕಾಲು ಊದೈತೆ. ಬಿಸಿ ಐತೆ. ಮುಳ್ಳು ಚುಚ್ಚಿಲ್ಲ, ಉಳುಕಿಲ್ಲ. ಇಂಥಾ ಕಾಲು ಒತ್ತಬಾರ್ದು. ಆಸ್ಪತ್ರೆಗೆ ಕರ್ಕೊಂಡೋಗಿ. ಇವತ್ತೇ ಹೋಗಿ.’

ಅಜ್ಜಿಗೆ ಕೋಪ ಬಂದಿತು. ವಯಸ್ಸಾಗಿ ಕೈಯಲ್ಲಿ ಶಕ್ತಿಯಿಲ್ಲದುದಕ್ಕೆ ನೆಪವೆಂದು ಅವರು ತಿಳಿದರು. ಮೊಮ್ಮಗನು, ‘ಹಾಗಾದರೆ ಯಂತ್ರವನ್ನೇ ಹಾಕೋಣ’ ಎಂದು ಮುಂದೆ ಬಂದನು. ಎಂದೂ ಆ ಮನೆಯಲ್ಲಿ ಎತ್ತಿ ಮಾತನಾಡದ ಮುದುಕಿ ಅಂದು ತಾತನ ಕಾಲಿಗೂ ಯಂತ್ರಕ್ಕೂ ನಡುವೆ ಕುಳಿತುಬಿಟ್ಟಳು. ಕುಳಿತು ಹೇಳಿದಳು.

ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಪಕ್ಕದ ಊರಿನಲ್ಲಿ ಹತ್ತೊಂಬತ್ತು ವರ್ಷದ ಬಾಣಂತಿಯೊಬ್ಬಳಿಗೆ ಹೆರಿಗೆಯಾದ ಹನ್ನೆರಡನೆಯ ದಿನ ಒಂದು ಕಾಲು ಊದಿಕೊಂಡಿತು. ಕಾಲಿಗೆ ನಂಜಿಳಿದಿದೆಯೆಂದು ಮನೆಯವರು ಕರೆಸಿದರು. ಮುದುಕಿ, ಆಗ ನಡುವಯಸ್ಸಿನ ಗಟ್ಟಿ ಕೈಯವಳು, ಎಣ್ಣೆ ಕಾಯಿಸಿ, ಹರಡಿನಿಂದ ತೊಡೆಯವರೆಗೆ ಬಲವಾಗಿ ಒತ್ತಿದಳು. ‘ಹಾಯಾಯಿತು ಅವ್ವಾ’ ಎಂದು ಹುಡುಗಿ ಕಣ್ಣು ಮುಚ್ಚಿದಳು. ಮರುದಿನ ಬೆಳಗ್ಗೆ ಎದ್ದು ನಾಲ್ಕು ಹೆಜ್ಜೆ ನಡೆದವಳು ಎದೆ ಹಿಡಿದುಕೊಂಡು, ಉಸಿರಿಗಾಗಿ ಬಾಯಿ ತೆರೆದು, ತೊಟ್ಟಿಲ ಪಕ್ಕದಲ್ಲೇ ಬಿದ್ದು ಸತ್ತಳು. ಗಾಳಿ ಸೋಕಿತೆಂದು ಊರು ಹೇಳಿತು. ಯಾರೂ ಒತ್ತಿದವಳನ್ನು ಕೇಳಲಿಲ್ಲ. ಬಾಕಿಯಿದ್ದ ರಾಗಿಯನ್ನೂ ಅಳೆದು ಕೊಟ್ಟರು. ‘ಯಾರೂ ಕೇಳ್ನಿಲ್ಲ ಅಮ್ಮಾ. ಆದ್ರೆ ಈ ಕೈಗೆ ಗೊತ್ತು’ ಎಂದು ಆಕೆ ತನ್ನ ಬಲಗೈಯನ್ನು ನೋಡಿಕೊಂಡಳು.

ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿಯೇ ಎದ್ದು ಒಲೆಯ ಮೇಲಿನ ಎಣ್ಣೆಯನ್ನು ಕೆಳಗಿಳಿಸಿದರು. ಮೊಮ್ಮಗ ಕಾರು ತೆಗೆದನು.

ಹಾಸನದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದ ವೈದ್ಯರು, ಕಾಲಿನ ಒಳಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನು ತೋರಿಸಿದರು. ಬಹಳ ಹೊತ್ತು ಕದಲದೆ ಕುಳಿತಾಗ, ಕೆಲವು ಶಸ್ತ್ರಚಿಕಿತ್ಸೆಗಳ ತರುವಾಯ, ಬಾಣಂತಿತನದಲ್ಲಿ, ಕಾಲಿನ ರಕ್ತದ ಓಟ ನಿಧಾನವಾಗಿ ಇಲ್ಲವೆ ರಕ್ತದ ಗುಣವೇ ಬದಲಾಗಿ ಹೀಗಾಗುವುದುಂಟು. ಆ ಹೆಪ್ಪಿನ ಒಂದು ತುಣುಕು ಕಳಚಿದರೆ ಹೃದಯದ ಮೂಲಕ ಸಾಗಿ ಶ್ವಾಸಕೋಶದ ನಾಳವನ್ನು ಮುಚ್ಚಬಹುದು. ಆಗ ಕ್ಷಣಗಳಲ್ಲಿ ಪ್ರಾಣ ಹೋಗುವುದೂ ಉಂಟು. ಒಂದೇ ಕಾಲಿನ ಊತ, ಬಿಸಿ, ನೋವು, ಇವೇ ಅದರ ಕುರುಹುಗಳು. ಅಂಥ ಕಾಲನ್ನು ಒತ್ತಬಾರದು, ತಿಕ್ಕಬಾರದು, ಯಂತ್ರಕ್ಕೂ ಕೊಡಬಾರದು. ‘ಮೊದಲೇ ಯಾರಾದರೂ ವೈದ್ಯರು ನೋಡಿದ್ದರೇ?’ ಎಂದು ಅವರು ಕೇಳಿದರಂತೆ. ಮೊಮ್ಮಗ ಉತ್ತರ ಹೇಳಲು ಸ್ವಲ್ಪ ತಡವಾಯಿತು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳು ನಡೆದುವು. ಯಜಮಾನರು ಉಳಿದರು. ಮೊಮ್ಮಗನು ಊರಿಗೆ ಮರಳಿದ ದಿನವೇ ಮುದುಕಿಯ ಮನೆಗೆ ಹೋಗಿ, ವೈದ್ಯರನ್ನು ತಾನು ಕೇಳಿದುದನ್ನು ತಿಳಿಸಿದನು: ಒತ್ತದಿದ್ದರೂ ಆ ಬಾಣಂತಿಗೆ ಹಾಗೆ ಆಗಬಹುದಾಗಿದ್ದಿತು, ಎದ್ದು ನಡೆದುದೇ ಕಾರಣವಿರಬಹುದು, ಒತ್ತಿದುದರಿಂದಲೇ ಸತ್ತಳೆಂದು ಯಾರೂ ಹೇಳಲಾರರು. ಮುದುಕಿ ಕೇಳಿಕೊಂಡಳು. ‘ಇರ್ಬೋದು ಮಗಾ’ ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮೂವತ್ತು ವರ್ಷ ಹೊತ್ತ ಭಾರವನ್ನು ಒಂದು ಸಂಜೆಯ ಸಮಾಧಾನದಿಂದ ಇಳಿಸಿಬಿಡುವುದು ಸಾಧ್ಯವೇ?

ಶೂದ್ರಕನ ಮೃಚ್ಛಕಟಿಕದಲ್ಲಿ ಸಂವಾಹಕನೆಂಬ ಪಾತ್ರವೊಂದಿದೆ. ಪಾಟಲಿಪುತ್ರದವನು, ಮೈಯೊತ್ತುವುದನ್ನು ಕಲೆಯೆಂದು ಕಲಿತು, ಆಮೇಲೆ ಅದನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡು, ಉಜ್ಜಯಿನಿಯಲ್ಲಿ ಚಾರುದತ್ತನ ಸೇವೆಯಲ್ಲಿದ್ದವನು. ಒಡೆಯನಿಗೆ ಬಡತನ ಬಂದಮೇಲೆ ಜೂಜಿಗೆ ಬಿದ್ದು, ಹತ್ತು ಸುವರ್ಣಗಳ ಸಾಲಕ್ಕೆ ಸಿಕ್ಕಿದವನನ್ನು ವಸಂತಸೇನೆ ಬಿಡಿಸುತ್ತಾಳೆ, ಅವನು ಬೌದ್ಧಭಿಕ್ಷುವಾಗುತ್ತಾನೆ. ಮುಂದೆ ಅದೇ ವಸಂತಸೇನೆ ಕತ್ತು ಹಿಸುಕಿಸಿಕೊಂಡು ತರಗೆಲೆಗಳ ಕೆಳಗೆ ಸತ್ತಂತೆ ಬಿದ್ದಿರುವಾಗ ಅವಳನ್ನು ಕಂಡವನು ಈ ಭಿಕ್ಷುವೇ. ಒದ್ದೆಯ ವಸ್ತ್ರವನ್ನು ಹಿಂಡಿ ನೀರೆರೆದು ಎಚ್ಚರಿಸುತ್ತಾನೆ. ಆದರೆ ಕೈ ಹಿಡಿದು ಎಬ್ಬಿಸುವುದಿಲ್ಲ. ಭಿಕ್ಷುವಿಗೆ ಅದು ನಿಷಿದ್ಧ. ಪಕ್ಕದ ಬಳ್ಳಿಯೊಂದನ್ನು ಬಾಗಿಸಿ, ಅದನ್ನು ಹಿಡಿದು ಏಳುವಂತೆ ಹೇಳುತ್ತಾನೆ. ಆಯುಷ್ಯವನ್ನೆಲ್ಲ ಮುಟ್ಟುವುದರಲ್ಲಿಯೇ ಕಳೆದವನು ಮುಟ್ಟದೆ ಉಳಿಸಿದ ಪ್ರಾಣವದು. ಅಲಂಕಾರಶಾಸ್ತ್ರಜ್ಞರು ಈ ನಾಟಕದ ರಸವನ್ನು ಬೇರೆಡೆ ಹುಡುಕಲಿ. ಹೇಮಾವತಿಯ ದಡದ ಆ ಮನೆಯವರಿಗೆ ಇದರ ಅರ್ಥ ಇಲ್ಲಿಯೇ ತೆರೆದೀತು.

ಇನ್ನೊಂದು ಮಾತನ್ನು ಮರೆಮಾಚಬಾರದು. ಈ ನಾಡಿನ ಎಷ್ಟೋ ಮನೆಗಳಲ್ಲಿ ಕೂಸನ್ನು ಮೊದಲು ಮುಟ್ಟಿದ ಕೈಗೆ ಆಮೇಲೆ ಆ ಮನೆಯ ನೀರಿನ ತಂಬಿಗೆಯನ್ನು ಮುಟ್ಟುವ ಅಧಿಕಾರವಿರಲಿಲ್ಲ. ಯಜಮಾನರ ಮೂವರು ಮಕ್ಕಳನ್ನೂ ಕಾಲಮೇಲೆ ಹಾಕಿಕೊಂಡು ಎರೆದವಳಿಗೆ ಹಿತ್ತಿಲ ಜಗಲಿಯಲ್ಲಿಯೇ ಊಟ, ಎತ್ತರದಿಂದಲೇ ನೀರು. ಅದನ್ನು ತಪ್ಪೆಂದು ಆ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ, ಆಕೆಯೂ ಕೇಳಿರಲಿಲ್ಲ. ಸ್ಪರ್ಶದ ಗುಣಗಳನ್ನು ಶ್ಲೋಕಶ್ಲೋಕವಾಗಿ ಬಣ್ಣಿಸಿದ ದೇಶದಲ್ಲಿಯೇ ಸ್ಪರ್ಶಕ್ಕೆ ಇಂಥ ಬೇಲಿಗಳು ಬೆಳೆದುದು ಹೇಗೆಂಬುದನ್ನು ಪಂಡಿತರು ವಿಚಾರಮಾಡಬೇಕು.

ಆ ವರ್ಷದ ನರಕಚತುರ್ದಶಿಯ ಬೆಳಗ್ಗೆ, ಎಣ್ಣೆನೀರಿಗೆ ಅಡ್ಡಿಯಿಲ್ಲವೆಂದು ವೈದ್ಯರು ಒಪ್ಪಿಗೆ ಕೊಟ್ಟಿದ್ದುದರಿಂದ, ಮುದುಕಿಗೆ ಮತ್ತೆ ಕರೆ ಬಂದಿತು. ಆಕೆ ರೂಢಿಯಂತೆ ಹಿತ್ತಿಲ ಕಡೆಯಿಂದ ಬಂದಳು. ಅಜ್ಜಿ ಬಾಗಿಲಿಗೆ ಹೋಗಿ, ‘ಈ ಕಡೆಯಿಂದ ಬಾ’ ಎಂದು ಕೈಹಿಡಿದು ನಡುಮನೆಗೆ ಕರೆತಂದು ಮಣೆ ಹಾಕಿದರು. ಕಾಫಿಯ ಲೋಟವನ್ನು ಕೈಗೇ ಕೊಟ್ಟರು. ಇಬ್ಬರೂ ಅದನ್ನು ಕುರಿತು ಏನೂ ಆಡಲಿಲ್ಲ. ಮೊಮ್ಮಗನ ಹೆಂಡತಿ, ಮಾಘದಲ್ಲಿ ತಾಯಿಯಾಗುವವಳು, ಈ ವಿದ್ಯೆಯನ್ನು ತಾನೂ ಕಲಿಯಬೇಕೆಂದು ಪಕ್ಕದಲ್ಲಿ ಕುಳಿತಿದ್ದಳು. ಅವಳು ಎಣ್ಣೆಯ ಬಟ್ಟಲಿಗೆ ಕೈಚಾಚಿದಳು. ಮುದುಕಿ ಅವಳ ಕೈಯನ್ನು ತಡೆದು, ಹೊರಳಿಸಿ, ಅದರ ಹಿಂಬದಿಯನ್ನು ಯಜಮಾನರ ಬಲಗಾಲಿಗೆ ಒಮ್ಮೆ, ಎಡಗಾಲಿಗೆ ಒಮ್ಮೆ ಸೋಕಿಸಿದಳು.

‘ಎಲ್ಡೂ ಒಂದೇ ಥರಾ ಐತಾ ನೋಡವ್ವಾ. ಎಣ್ಣೆ ಆಮ್ಯಾಕೆ.’